ಐಟಿ ಬಿಟ್ಟು ಸರ್ಕಾರಿ ಶಾಲೆ ಮೇಷ್ಟ್ರಾಗ್ಬೇಕು ಅಂತಿದೀನಿ, ಬಿಎಡ್ ಬಗ್ಗೆ ಗೊತ್ತಿರೋರು ಹೇಳಿ

ಹಾಸನದ_ಹೈದ:
ಎಲ್ರಿಗೂ ನಮಸ್ಕಾರ. ವಯಸ್ಸು 36, ಬಿಇ ಮಾಡಿ ಬೆಂಗಳೂರಲ್ಲಿ ಟೆಸ್ಟಿಂಗ್ ಕೆಲಸ. ಸಂಬಳ ಚೆನ್ನಾಗೇ ಇದೆ, ಮ್ಯಾನೇಜರೂ ಒಳ್ಳೆಯವ್ರೇ, ಆದ್ರೂ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಯಾಕಪ್ಪಾ ಇದೆಲ್ಲಾ ಅನ್ಸತ್ತೆ. ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ಮಗಳು ಆರನೇ ಕ್ಲಾಸು, ಭಾನುವಾರ ಲೆಕ್ಕ ಹೇಳಿಸ್ಕೊಳ್ಳೋಕೆ ಬರ್ತಾಳೆ. 1/3 ದೊಡ್ಡದಾ 1/4 ದೊಡ್ಡದಾ ಅಂದ್ರೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂಕಲ್, 1/4ಏ ದೊಡ್ಡದು ಅಂದ್ಳು. ಒಂದೇ ಉದ್ದದ ಎರಡು ಪೇಪರ್ ಪಟ್ಟಿ ಕೊಟ್ಟು ಒಂದನ್ನ ಮೂರು ಸಮ ಭಾಗ, ಇನ್ನೊಂದನ್ನ ನಾಲ್ಕು ಸಮ ಭಾಗ ಮಡಚು ಅಂದೆ. ಪಕ್ಕಪಕ್ಕ ಇಟ್ಟು ನೋಡಿ, ನಾನು ಬಾಯಿ ಬಿಡೋಕೆ ಮುಂಚೇನೇ "ಹಂಗಾದ್ರೆ 1/5 ಇನ್ನೂ ಚಿಕ್ಕದು" ಅಂದ್ಬಿಟ್ಲು. ಅವತ್ತಿಂದ ತಲೇಲಿ ಇದೇ ಹುಳ.

ಕೆಲಸ ಮಾಡ್ಕೊಂಡೇ ಕರೆಸ್ಪಾಂಡೆನ್ಸ್‌ನಲ್ಲಿ ಬಿಎಡ್ ಮುಗಿಸ್ಬಹುದಾ? ಆಮೇಲೆ ಸರ್ಕಾರಿ ಕೆಲಸ ಸಿಗೋ ಚಾನ್ಸ್ ಎಷ್ಟು? ಹೋಮ್ ಲೋನ್ ಇದೆ, ಹೆಂಡ್ತೀನೂ ಕೆಲಸಕ್ಕೆ ಹೋಗ್ತಾಳೆ.

ಗಣಿತ_ಮಿಸ್:
ನಾನು ಬಿಎಡ್ ಕಾಲೇಜಲ್ಲಿ ಪಾಠ ಮಾಡ್ತೀನಿ, ಈ ಪ್ರಶ್ನೆ ಪ್ರತಿ ವರ್ಷ ಯಾರಾದ್ರೂ ಕೇಳ್ತಾರೆ. ಕರೆಸ್ಪಾಂಡೆನ್ಸ್ ನಿಮಗೆ ಆಗಲ್ಲ. ಈಗಾಗಲೇ ಡಿಎಡ್ (ಪ್ರೈಮರಿ ಟೀಚರ್ ಕೋರ್ಸ್) ತರದ ಟ್ರೈನಿಂಗ್ ಮಾಡಿರೋರಿಗೆ ಮಾತ್ರ ಆ ದಾರಿ. ಕೆಲವು ಏಜೆಂಟ್‌ಗಳು "ಸುಮ್ನೆ ಅಡ್ಮಿಷನ್ ಆಗಿ ಸಾರ್, ಅಟೆಂಡೆನ್ಸ್ ನಾವು ನೋಡ್ಕೋತೀವಿ" ಅಂತಾರೆ, ಆ ಕಡೆ ತಲೆ ಹಾಕ್ಲೇಬೇಡಿ. ರೆಗ್ಯುಲರ್ ಬಿಎಡ್ 2015ರಿಂದ ಎರಡು ವರ್ಷ, ಬಿಇ ಆದೋರಿಗೆ ಜನರಲ್ ಕೆಟಗರಿ ಆದ್ರೆ 55% ಬೇಕು. ಎರಡನೇ ವರ್ಷ 16 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್ ಇರತ್ತೆ, ಲಾಗಿನ್ ಆಗಿ ಮೌಸ್ ಅಲ್ಲಾಡಿಸ್ಕೊಂಡು ಮ್ಯಾನೇಜ್ ಮಾಡೋಕಾಗಲ್ಲ 😄

ಇನ್ನೊಂದು, ಬಿಎಡ್ ಮಾಡಿದ್ರೆ 1ರಿಂದ 5ನೇ ಕ್ಲಾಸಿಗೆ ಟೀಚರ್ ಆಗೋ ಹಂಗಿಲ್ಲ, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪುಟ್ಟ ಮಕ್ಕಳೇ ಬೇಕು ಅಂದ್ರೆ ಡಿಎಡ್ ಮಾಡ್ಬೇಕು (ಈಗ ಡಿಇಎಲ್‌ಇಡಿ ಅಂತಾರೆ). 6ರಿಂದ 8ಕ್ಕೆ ಬಿಎಡ್ ಜೊತೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪೇಪರ್ 2, 150ಕ್ಕೆ 90 ತೆಗೀಬೇಕು ಜನರಲ್‌ನೋರು. ಅದು ಪಾಸಾದ್ರೆ ಅರ್ಹತೆ ಬಂತು ಅಷ್ಟೇ, ನೇಮಕಾತಿ ಪರೀಕ್ಷೆ ಬೇರೆ.

ಬೆಣ್ಣೆದೋಸೆ:
ಬ್ರೋ ಬೇಜಾರಾಗ್ಬೇಡಿ, ಇಎಂಐ ಇಟ್ಕೊಂಡು ಇದೆಲ್ಲಾ ಬೇಕಾ? 2022ರಲ್ಲಿ 15,000 ಹುದ್ದೆ ಕರೆದ್ರು, ಮೀಸಲಾತಿಗೆ ಮದುವೆ ಆದ ಹೆಣ್ಮಕ್ಕಳು ಕೊಡ್ಬೇಕಾದ್ದು ಗಂಡನ ಆದಾಯ ಪ್ರಮಾಣಪತ್ರನಾ ಅಪ್ಪಂದಾ ಅಂತ ಕೋರ್ಟ್ ಮೆಟ್ಲು ಹತ್ತಿ ಪಾಪ ಎಷ್ಟೋ ಜನ ಕಾಯ್ತಾ ಕೂತ್ರು. ನೀವು ಬಿಎಡ್ ಮುಗಿಸೋ ಹೊತ್ತಿಗೆ 39, ಮುಂದಿನ ನೋಟಿಫಿಕೇಶನ್ ಯಾವಾಗಲೋ, ವಯೋಮಿತಿ ದಾಟಿದ್ರೆ ಕಥೆ ಮುಗೀತು. ಭಾನುವಾರದ ಪಾಠಾನೇ ದೊಡ್ಡದು ಮಾಡಿ, ಒಬ್ಳು ಬರೋ ಕಡೆ ಹತ್ತು ಮಕ್ಕಳು ಬರ್ಲಿ.

ಕಲಬುರ್ಗಿ_ಮಾಸ್ತರ:
ಬೆಣ್ಣೆದೋಸೆ ಅವ್ರು ಹೇಳಿದ್ದು ಪೂರಾ ಸುಳ್ಳಲ್ಲ, ಆದ್ರ ಪೂರಾ ಖರೇನೂ ಅಲ್ರಿ. ನಾ ಹಳ್ಳಿ ಹೈಸ್ಕೂಲಿನ್ಯಾಗ ವಿಜ್ಞಾನ ಹೇಳ್ತೀನಿ. ನಮ್ಮ ಕಡೆ ಲೆಕ್ಕದ ಮಾಸ್ತರ ಸಿಗೋದು ಭಾಳ ಕಷ್ಟ, ಇದ್ದವ್ರೂ ವರ್ಗಾ ತಗೊಂಡು ಹೋಗ್ತಾರ. ನೀವು ಬರ್ತೀನಿ ಅಂದ್ರ ಬ್ಯಾಡ ಅನ್ನೋರ್ಯಾರು. ಆದ್ರ ಪಾಠ ಹೇಳೋದಷ್ಟ ಕೆಲಸ ಅನ್ಕೊಂಡು ಬರಬ್ಯಾಡ್ರಿ. ಬಿಸಿಯೂಟದ ಲೆಕ್ಕ, ತತ್ತಿ ಲೆಕ್ಕ, ಎಸ್‌ಎಟಿಎಸ್ ಅನ್ನೋ ಸರ್ಕಾರಿ ವೆಬ್‌ಸೈಟ್‌ನ್ಯಾಗ ಮಕ್ಕಳ ಮಾಹಿತಿ ಎಂಟ್ರಿ (ನೆಟ್‌ವರ್ಕ್ ಸಲುವಾಗಿ ಮಾಳಿಗಿ ಹತ್ತಬೇಕು), ಎಲೆಕ್ಷನ್ ಡ್ಯೂಟಿ. 2025ರ ದಸರಾ ಸೂಟಿ ಜಾತಿ ಸಮೀಕ್ಷೆ ಮಾಡೋದ್ರಾಗ ಹೋತು, ಮನಿ ಮನಿ ತಿರುಗಿ ಆ್ಯಪ್ ತೆರಿಯೋದ್ರೊಳಗ ಚಪ್ಪಲ್ ಸವದು ಹೋದವು. ಇಷ್ಟೆಲ್ಲಾ ಆದ ಮ್ಯಾಲೂ ನಾ ಈ ಕೆಲಸ ಬಿಡಂಗಿಲ್ಲ, ಅದು ಬ್ಯಾರೆ ಮಾತು.

ನನ್ನ ಸಲಹಾ ಇಷ್ಟ: ರಾಜೀನಾಮೆ ಕೊಡೋಕಿಂತ ಮೊದಲ ಒಂದು ತಿಂಗಳು ಸಂಬಳ ಇಲ್ಲದ ರಜಾ ಕೇಳ್ರಿ, ನಿಮ್ಮೂರಿನ ಸರ್ಕಾರಿ ಶಾಲೆ ಹೆಡ್‌ಮಾಸ್ತರ್ ಒಪ್ಪಿದ್ರ ದಿನಾ ಹೋಗಿ ಪಾಠ ಹೇಳ್ರಿ. ಮನಿಗೆ ಬಂದು ಕಲಿಯೋ ಒಂದು ಹುಡುಗಿ ಬ್ಯಾರೆ, ಉಂಡು ಬಂದು ತೂಕಡಸೋ ಐವತ್ತು ಹುಡುಗರು ಬ್ಯಾರೆ. ಮಧ್ಯಾಹ್ನದ ಪೀರಿಯಡ್ಡ ತಗೋರಿ ಮತ್ತ.

ಹಾಸನದ_ಹೈದ:
ಮಿಸ್, ಮಾಸ್ತರ್ರೇ, ತುಂಬಾ ಥ್ಯಾಂಕ್ಸ್. ಕರೆಸ್ಪಾಂಡೆನ್ಸ್ ವಿಷಯ ಗೊತ್ತೇ ಇರ್ಲಿಲ್ಲ, ಒಬ್ಬ ಏಜೆಂಟ್ ಹತ್ರ ಮಾತಾಡೂ ಆಗಿತ್ತು. ರಾತ್ರಿ ಹೆಂಡ್ತಿ ಜೊತೆ ಕೂತು ಲೆಕ್ಕ ಹಾಕಿದ್ವಿ, ಅವಳ ಸಂಬಳದಲ್ಲಿ ಇಎಂಐ ಕಟ್ಟಿ ಮನೆ ನಡೆಯತ್ತೆ, ಉಳಿಯೋದೇನಿಲ್ಲ. ಮೊದ್ಲು ರಜಾ ಕೇಳು, ಬಿಎಡ್ ಆಮೇಲೆ ನೋಡೋಣ ಅಂದ್ಳು. ಗಣಿತ ಮಿಸ್, ನಮ್ಮ ಬಿಇ ಮಾರ್ಕ್ಸ್ ಕಾರ್ಡಲ್ಲಿ ಎಂಟು ಸೆಮಿಸ್ಟರೂ ಸೇರಿಸಿ 55% ನೋಡ್ತಾರಾ? ನಂದು ಮೊದಲ ವರ್ಷ ಸ್ವಲ್ಪ ಗೋತಾ.

ಗಣಿತ_ಮಿಸ್:
ಸಾಮಾನ್ಯವಾಗಿ ಒಟ್ಟು ನೋಡ್ತಾರೆ. ಆ ವರ್ಷದ ಅಧಿಸೂಚನೆ ಬಂದಾಗ ಓದ್ಕೊಳ್ಳಿ, ಅಷ್ಟರೊಳಗೆ ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಹುಡುಕಿಟ್ಕೊಳ್ಳಿ, ಇಲ್ಲಾಂದ್ರೆ ಕೊನೇ ಗಳಿಗೇಲಿ ಯೂನಿವರ್ಸಿಟಿಗೆ ಅಲೆದಾಡೋ ಹಂಗಾಗತ್ತೆ.