ಪಾರ್ಲರ್ ಕೆಲಸದವರ ಕೈಚರ್ಮ ಸುಲಿಯುವುದನ್ನು ತಡೆಯುವುದು ಹೇಗೆ?

ಪ್ರಶ್ನೆ (ಕದ್ರಿ, ಮಂಗಳೂರು)
ನಮ್ಮ ಪಾರ್ಲರ್‌ಗೆ ಹೊಸದಾಗಿ ಸೇರಿದ ಹುಡುಗಿಯ ಬೆರಳ ಸಂದುಗಳಲ್ಲಿ ಚರ್ಮ ಕೆಂಪಾಗಿ, ತುರಿಕೆಯೊಂದಿಗೆ ಸುಲಿಯುತ್ತಿದೆ. ಮದುವೆ ಸೀಸನ್ ಆದ್ದರಿಂದ ದಿನವಿಡೀ ತಲೆ ತೊಳೆಯುವ ಕೆಲಸ ಅವಳದೇ. ಡೈ ಹಚ್ಚುವಾಗ ಮಾತ್ರ ಗ್ಲೌಸ್ ಹಾಕುತ್ತಾಳೆ. ಇದು ಡೈಯ ಅಲರ್ಜಿಯೇ? ಅವಳ ಕೆಲಸ ಬಿಡಿಸದೆ ತಡೆಯುವ ದಾರಿ ಇದೆಯೇ?

ಉತ್ತರ (ಚರ್ಮವೈದ್ಯ, ಮಣಿಪಾಲ)
ನೋಡದೆ ಖಚಿತವಾಗಿ ಹೇಳಲಾಗದು. ಆದರೆ ಬೆರಳ ಸಂದಿನಲ್ಲಿ ಆರಂಭವಾಗಿದ್ದರೆ ಡೈಗಿಂತ ಮೊದಲು ನೀರು ಮತ್ತು ಶಾಂಪೂವನ್ನೇ ಅನುಮಾನಿಸುತ್ತೇನೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿದ್ದರೆ, ಅಥವಾ 20ಕ್ಕೂ ಹೆಚ್ಚು ಸಲ ಕೈ ತೊಳೆಯಬೇಕಾಗಿ ಬಂದರೆ, ಚರ್ಮದ ಸಹಜ ಜಿಡ್ಡು ಹೋಗಿ ಬಿರುಕು ಬೀಳುವ ಅಪಾಯ ಹೆಚ್ಚು. ಹಾಗೆ ಬಿರುಕು ಬಿಟ್ಟ ಚರ್ಮದೊಳಕ್ಕೆ ಡೈಯಲ್ಲಿರುವ ಪಿಪಿಡಿ ಎಂಬ ಬಣ್ಣದ ರಾಸಾಯನಿಕ, ಬ್ಲೀಚ್‌ನಲ್ಲಿರುವ ಪರ್‌ಸಲ್ಫೇಟ್ ಸುಲಭವಾಗಿ ಇಳಿಯುತ್ತವೆ. ಒಮ್ಮೆ ಅವುಗಳಿಗೆ ಅಲರ್ಜಿ ಬಂದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆದ್ದರಿಂದ ತಲೆ ತೊಳೆಯುವ ಸರದಿಯನ್ನು ಎಲ್ಲರಿಗೂ ಹಂಚಿ. ಕೆಲಸದ ವೇಳೆ ಉಂಗುರ ಬೇಡ, ಅದರಡಿ ಸೋಪು ಉಳಿಯುತ್ತದೆ. ಎರಡು ವಾರದಲ್ಲಿ ಗುಣ ಕಾಣದಿದ್ದರೆ, ಯಾವುದರ ಅಲರ್ಜಿ ಎಂದು ತಿಳಿಯಲು ಪ್ಯಾಚ್ ಟೆಸ್ಟ್ ಮಾಡಿಸಿ: ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಯ ನಂತರ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಮೆಡಿಕಲ್‌ನಿಂದ ಸ್ಟಿರಾಯ್ಡ್ ಮುಲಾಮನ್ನು ತಾವೇ ತಂದು ಹಚ್ಚಿಕೊಳ್ಳುವುದು ಮಾತ್ರ ಬೇಡ.

ಉತ್ತರ (ಸಲೂನ್ ನಡೆಸುವವರು, ಉಡುಪಿ)
ಅಕ್ಕಾ, ಹಚ್ಚುವಾಗ ಗ್ಲೌಸ್ ಹಾಕಿ, ತೊಳೆಯುವಾಗ ತೆಗೆದಿಡುವುದು ನಮ್ಮ ಕಸುಬಿನಲ್ಲಿ ಎಲ್ಲೆಡೆ ಕಾಣುವ ಅಭ್ಯಾಸ. ಡೈ ತೊಳೆದ ನೀರೂ ಡೈಯೇ. ಕೂದಲು ಕತ್ತರಿಸುವುದಿದ್ದರೆ ಮೊದಲು ಕತ್ತರಿಸಿ, ಬಣ್ಣ ಆಮೇಲೆ. ಇಲ್ಲವಾದರೆ ಹೊಸ ಬಣ್ಣದ ಕೂದಲನ್ನು ಬರಿಗೈಯಲ್ಲಿ ಹಿಡಿಯಬೇಕಾಗುತ್ತದೆ. ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ತೆಗೆದುಕೊಳ್ಳಿ, ಒಮ್ಮೆ ಬಳಸಿದ್ದನ್ನು ತೊಳೆದು ಒಣಹಾಕಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಒಳಗೆ ಕೈ ಬೆವರುವುದರಿಂದ, ತೆಳು ಹತ್ತಿಯ ಗ್ಲೌಸನ್ನು ಒಳಗೆ ಹಾಕಿ ಆಗಾಗ ಬದಲಾಯಿಸಿದರೆ ಅನುಕೂಲ. ರಾತ್ರಿ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಮಲಗಲು ಹೇಳಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಕೆಲವು ಗ್ರಾಹಕರು ಕಪ್ಪು ಮೆಹಂದಿ ಪುಡಿಯನ್ನು ತಾವೇ ತಂದು, ಇದು ಸಂಪೂರ್ಣ ನೈಸರ್ಗಿಕ ಎನ್ನುತ್ತಾರೆ. ಅದಕ್ಕೂ ಗ್ಲೌಸ್ ಬೇಕೇ?

ಉತ್ತರ (ಚರ್ಮವೈದ್ಯ, ಮಣಿಪಾಲ)
ಖಂಡಿತ ಬೇಕು. ಸಾದಾ ಮೆಹಂದಿ ಸೊಪ್ಪು ಕೂದಲಿಗೆ ಕೆಂಗಂದು ಬಣ್ಣವನ್ನಷ್ಟೇ ಕೊಡುತ್ತದೆ. ನೀಲಿ (ಇಂಡಿಗೋ) ಗಿಡದ ಪುಡಿ ಬೆರೆಸದೆ ಒಂದೇ ಸಲಕ್ಕೆ ಕಪ್ಪಾಗುವ ಪುಡಿಗಳಲ್ಲಿ ಹೆಚ್ಚಾಗಿ ಪಿಪಿಡಿಯೇ ಇರುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿದ ಮೇಲೆಯೇ ಕಲಸಿ.