ಮನೆ–ಹುಳುಮನೆ ಟನಲ್: ಒಂದಿನ ಇರುತ್ತೆ, ಒಂದಿನ ಇರಲ್ಲ

ರೇಷ್ಮೆ_ರೂಟರ್:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಚಿಕ್ಕಬಳ್ಳಾಪುರದ ಮನೆಗೂ ಶಿಡ್ಲಘಟ್ಟದ ಹತ್ತಿರದ ರೇಷ್ಮೆ ಹುಳು ಮನೆಗೂ ಟನಲ್ (ಇಂಟರ್ನೆಟ್ ಒಳಗೇ ಒಂದು ಖಾಸಗಿ ದಾರಿ) ಹಾಕಿದ್ದೇನೆ. ಕೀ ಸರಿ ಇದೆ, ಪೋರ್ಟ್ ಸರಿ ಇದೆ. ಒಂದು ದಿನ ಚೆನ್ನಾಗಿ ನಡೆಯುತ್ತದೆ, ಮಾರನೇ ದಿನ ಸತ್ತು ಬಿದ್ದಿರುತ್ತದೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದೆ. ಒಳಗೆ ಶಾಖ ಎಷ್ಟಿದೆ ಅಂತ ಮನೆಯಿಂದ ನೋಡೋಕೂ ಆಗುತ್ತಿಲ್ಲ.

ಕೋಲಾರ_ಕೇಬಲ್:
ಯಾವ ಟನಲ್, ಯಾವ ರೂಟರ್ ಅಂತಲೇ ಹೇಳಿಲ್ಲ ನೀವು. ಆದರೂ ಇದು ಸಿಜಿನ್ಯಾಟ್ (ಕಂಪನಿ ಒಂದೇ ಹೊರ ಐಪಿಯನ್ನು ಹಲವರಿಗೆ ಹಂಚುವುದು, ಹೊರಗಿನಿಂದ ನೇರ ಒಳಗೆ ಬರೋಕಾಗಲ್ಲ), ಬರೆದಿಟ್ಟುಕೊಳ್ಳಿ. ಹುಳು ಮನೆ ಐಪಿ 100.64ರಿಂದ 100.127ರ ಒಳಗಿದೆಯಾ ನೋಡಿ.

ರೇಷ್ಮೆ_ರೂಟರ್:
ವೈರ್‌ಗಾರ್ಡ್ ಅಲ್ಲದೆ ಇನ್ನೇನು ಸರ್. ಎರಡೂ ಕಡೆ ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಸಾಫ್ಟ್‌ವೇರ್. ಹುಳು ಮನೆಯಲ್ಲಿ 4ಜಿ ಡಾಂಗಲ್, ಐಪಿ 100.80 ಅಂತ ಶುರುವಾಗುತ್ತದೆ. ಮನೆಗೆ ಬದಲಾಗದ ಸ್ಟ್ಯಾಟಿಕ್ ಐಪಿ ಇದೆ.

ಕೋಲಾರ_ಕೇಬಲ್:
ನೋಡಿದ್ರಾ! ಸಿಜಿನ್ಯಾಟ್. ಆ ಕಡೆಗೂ ಸ್ಟ್ಯಾಟಿಕ್ ತಗೊಳ್ಳಿ.

ಗುಬ್ಬಿ_ಗೇಟ್‌ವೇ:
ಒಂದು ಕಡೆ ಬಾಗಿಲು ತೆರೆದಿದ್ದರೆ ಸಾಕು ಅಣ್ಣಾ, ಹುಳು ಮನೆಯೇ ಮನೆಗೆ ಕರೆ ಮಾಡುತ್ತದೆ. ಸಂಪರ್ಕ ಜೀವಂತ ಇಡೋ ಕೀಪ್‌ಅಲೈವ್ 25 ಸೆಕೆಂಡ್ ಹಾಕಿದ್ದೀರಾ? ಇನ್ನೊಂದು, ಮನೆ ಫೈಬರ್ ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗೋ ಬಗೆ) ಆದರೆ ಟನಲ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1412 ಮಾಡಿ.

ಕೋಲಾರ_ಕೇಬಲ್:
1412 ಯಾಕೆ? ಹೊರಗಡೆ ಐಪಿವಿ4 ಇದ್ದರೆ ಟನಲ್ ಪ್ರತಿ ಪ್ಯಾಕೆಟ್ ಮೇಲೆ ಕೂರಿಸುವುದು 60 ಬೈಟ್. ಸಾಮಾನ್ಯವಾಗಿ ಇರುವ 1420 ಜೊತೆ 60, ಒಟ್ಟು 1480. ಪಿಪಿಪಿಒಇಯ 1492ರಲ್ಲಿ ಆರಾಮಾಗಿ ಕೂರುತ್ತದೆ.

ಗುಬ್ಬಿ_ಗೇಟ್‌ವೇ:
ನಾಳೆ ಐಪಿವಿ6 ಬಂದರೆ 80 ಬೈಟ್, ಒಟ್ಟು 1500, ಹಿಡಿಸಲ್ಲ. ಆಗ ನನ್ನನ್ನೇ ಹುಡುಕಿಕೊಂಡು ಬರ್ತೀರಿ.

ರೇಷ್ಮೆ_ರೂಟರ್:
ಕೀಪ್‌ಅಲೈವ್ ಮೊದಲಿಂದಲೂ ಇದೆ. 1412 ಹಾಕಿದೆ, ಏನೂ ಆಗಲಿಲ್ಲ. ನಿನ್ನೆ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಸತ್ತಿದೆ. ಇನ್ನು ಎಂದಿನಂತೆ ಮನೆ ರೂಟರ್ ರೀಸ್ಟಾರ್ಟ್ ಮಾಡಬೇಕು, ಆಗ ಸರಿಹೋಗುತ್ತದೆ.

ನಂದಿ_ನೋಡ್:
ತಡೀರಿ ತಡೀರಿ. ಕರೆಂಟ್ ಹೋಗುವುದು ಹುಳು ಮನೆಯಲ್ಲಿ, ರೀಸ್ಟಾರ್ಟ್ ಮಾಡುವುದು ಮನೆಯ ರೂಟರ್ರಾ? ಇದನ್ನು ಮೊದಲೇ ಹೇಳಬಾರದಿತ್ತೇ! ಈಗ ಮುಟ್ಟಬೇಡಿ. ಮನೆ ರೂಟರ್‌ನಲ್ಲಿ ಟಿಸಿಪಿಡಂಪ್ (ಬಂದು ಹೋಗುವ ಪ್ಯಾಕೆಟ್ ತೋರಿಸುವ ಟೂಲ್) ಹಾಕಿ, ವೈರ್‌ಗಾರ್ಡ್ ಪೋರ್ಟ್ ಯುಡಿಪಿ 51820 ನೋಡಿ. ಹುಳು ಮನೆಯಲ್ಲಿ ಯಾರಾದರೂ ಇದ್ದರೆ ಅಲ್ಲಿನ ರೂಟರ್ ಯಾವ ತಾರೀಖು ತೋರಿಸುತ್ತದೆ ಕೇಳಿ.

ರೇಷ್ಮೆ_ರೂಟರ್:
ಐದೈದು ಸೆಕೆಂಡಿಗೆ ಹುಳು ಮನೆಯಿಂದ 148 ಬೈಟ್ ಪ್ಯಾಕೆಟ್ ಬರುತ್ತಿದೆ. ಈ ಕಡೆಯಿಂದ ಉತ್ತರವೇ ಹೋಗುತ್ತಿಲ್ಲ. ತಮ್ಮ ಅಲ್ಲೇ ಇದ್ದ, ರೂಟರ್ ಪೇಜ್ ತೆಗೆದು ಫೋಟೋ ಕಳಿಸಿದ. ಮಾರ್ಚ್ 3 ಅಂತಿದೆ. ಇವತ್ತು ಏಪ್ರಿಲ್ 11 ಅಲ್ವಾ?

ನಂದಿ_ನೋಡ್:
ಅದೇ. ಈ ರೂಟರ್‌ಗಳಲ್ಲಿ ಗಡಿಯಾರದ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ, ಸೆಟ್ಟಿಂಗ್ ಫೈಲ್ ಕೊನೆಗೆ ಬರೆದ ದಿನಕ್ಕೆ ವಾಪಸ್ ಹೋಗುತ್ತದೆ. ವೈರ್‌ಗಾರ್ಡ್ ಹ್ಯಾಂಡ್‌ಶೇಕ್ (ಟನಲ್ ಶುರುಮಾಡುವ ಪ್ಯಾಕೆಟ್, ನಿಮಗೆ ಕಂಡ ಆ 148 ಬೈಟ್) ಒಳಗೆ ಸಮಯವೂ ಇರುತ್ತದೆ. ಹಿಂದಿನದಕ್ಕಿಂತ ಹಳೇ ಸಮಯ ಬಂದರೆ, ಯಾರೋ ಹಳೇ ಪ್ಯಾಕೆಟ್ ಕದ್ದು ಮತ್ತೆ ಕಳಿಸುತ್ತಿದ್ದಾರೆ ಅಂದುಕೊಂಡು ಮನೆ ರೂಟರ್ ಸುಮ್ನೆ ಎಸೆಯುತ್ತದೆ. ರೀಸ್ಟಾರ್ಟ್ ಮಾಡಿದರೆ ಅದರ ನೆನಪು ಹೋಗುತ್ತದೆ, ಒಳಗೆ ಬಿಡುತ್ತದೆ. ಒಂದು ಪ್ರಶ್ನೆ: ಹುಳು ಮನೆ ಕಡೆ ಅಲೌಡ್ ಐಪಿ (ಯಾವ ವಿಳಾಸಗಳು ಟನಲ್ ಒಳಗೆ ಹೋಗಬೇಕು ಅನ್ನೋ ಪಟ್ಟಿ) ಏನು ಹಾಕಿದ್ದೀರಿ?

ರೇಷ್ಮೆ_ರೂಟರ್:
0.0.0.0/0, ಅಂದರೆ ಎಲ್ಲಾ ವಿಳಾಸ. ಯಾವುದೋ ವಿಡಿಯೋ ನೋಡಿ ಹಾಕಿದ್ದು.

ನಂದಿ_ನೋಡ್:
ಸಮಯ ಸರಿಮಾಡಿಕೊಳ್ಳಲು ಎನ್‌ಟಿಪಿ (ನೆಟ್‌ನಿಂದ ಸಮಯ ತರುವ ವ್ಯವಸ್ಥೆ) ಬೇಕು, ಎನ್‌ಟಿಪಿಗೆ ಇಂಟರ್ನೆಟ್ ಬೇಕು, ನಿಮ್ಮ ಇಂಟರ್ನೆಟ್ ಪೂರ್ತಿ ಟನಲ್ ಒಳಗೆ. ಟನಲ್ ಏಳಲು ಸಮಯ ಬೇಕು. ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡಿದ್ದೀರಿ. ಆ ಪಟ್ಟಿಯಲ್ಲಿ ಮನೆಯ ನೆಟ್‌ವರ್ಕ್ 192.168.10.0/24 ಮತ್ತು ಟನಲ್‌ನ ವಿಳಾಸ ಮಾತ್ರ ಇಡಿ. ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್ ಕೂಡ ಡಾಂಗಲ್ ಕಡೆಯದೇ ಇರಲಿ.

ಕೋಲಾರ_ಕೇಬಲ್:
ಇಷ್ಟಕ್ಕೆಲ್ಲ ಒಂದು ಯುಪಿಎಸ್ ಇಟ್ಟರೆ ಮುಗೀತು. ನನ್ನ ರೂಟರ್, ಸ್ವಿಚ್, ಎರಡು ಕ್ಯಾಮೆರಾ ಎಲ್ಲ ಒಂದೇ 150 ಎಎಚ್ ಬ್ಯಾಟರಿ ಮೇಲೆ. ಇಡೀ ಬೀದಿ ಕತ್ತಲಾದರೂ ನಮ್ಮ ವೈಫೈ ಇರುತ್ತದೆ.

ಗುಬ್ಬಿ_ಗೇಟ್‌ವೇ:
150 ಎಎಚ್ ಇಟ್ಟುಕೊಂಡು ರೂಟರ್ ಓಡಿಸ್ತೀರಾ? ನಾನು ಸೋಲಾರ್ ಪ್ಯಾನೆಲ್‌ನಿಂದ ನೇರ 12 ವೋಲ್ಟ್ ಕೊಟ್ಟಿದ್ದೇನೆ, ಇನ್ವರ್ಟರೇ ಇಲ್ಲ. ಫೋಟೋ ಹಾಕಲಾ?

ರೇಷ್ಮೆ_ರೂಟರ್:
ತಮ್ಮನಿಂದಲೇ ಸೆಟ್ಟಿಂಗ್ ಬದಲಾಯಿಸಿ, ಮೂರು ಸಲ ಪ್ಲಗ್ ಕಿತ್ತು ಹಾಕಿಸಿದೆ. ಮೂರು ಸಲವೂ ಒಂದೆರಡು ನಿಮಿಷದಲ್ಲಿ ತಾನೇ ಎದ್ದಿತು. ಈಗ ಒಳಗೆ 26 ಡಿಗ್ರಿ ತೋರಿಸುತ್ತಿದೆ. ನಂದಿ ಅಣ್ಣಾ, ಶಿಡ್ಲಘಟ್ಟದ ಕಡೆ ಬಂದರೆ ಊಟಕ್ಕೆ ಬರಲೇಬೇಕು. ಎಂಟಿಯು ವಾಪಸ್ 1420 ಮಾಡಬೇಕಾ, ಹಾಗೇ ಬಿಡಲಾ?

ಗುಬ್ಬಿ_ಗೇಟ್‌ವೇ:
ಬಿಡಿ.

ಕೋಲಾರ_ಕೇಬಲ್:
1420 ಮಾಡಿ.