ಅಪ್‌ಡೇಟ್: ಕೆಂಪು ಗುರುತು ಹೋಯ್ತು, ಮರ್ಜೂ ಆಯ್ತು

ಹೋದ ವಾರ ಕೇಳಿದ್ದೆನಲ್ಲ, ಓಪನ್ ಸೋರ್ಸ್ ಪ್ರಾಜೆಕ್ಟೊಂದರ ಇನ್‌ಸ್ಟಾಲ್ ಪುಟದಲ್ಲಿ 8080 ಅಂತ ತಪ್ಪಾಗಿದ್ದ ಪೋರ್ಟ್ ನಂಬರನ್ನ 8000 ಅಂತ ತಿದ್ದಿ ಕಳಿಸಿದ್ರೆ ‘ಡಿಸಿಒ’ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್, ಕೋಡ್ ಕೊಡೋರು ಬರೆದುಕೊಡೋ ಘೋಷಣೆ) ಚೆಕ್ ಫೇಲ್ ಆಗಿ ಕೆಂಪು ಗುರುತು ಬರ್ತಿದೆ ಅಂತ.

ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಮುಚ್ಚಿ ಹೊಸದು ಹಾಕಿ ಅಂದ್ರು ಒಬ್ಬರು. ಹಾಕಿದೆ, ಅದೇ ಕೆಂಪು. ಕೆಲಸಕ್ಕೆ ಬಂದಿದ್ದು ಸೈನ್-ಆಫ್ ಸಾಲು ಸೇರಿಸಿ ಅಂದವರ ಮಾತು: ಗಿಟ್ ಕಮಿಟ್‌ಗೆ ಅಮೆಂಡ್ (ಹಿಂದಿನ ಕಮಿಟ್ಟನ್ನೇ ತಿದ್ದೋದು) ಜೊತೆ ಚಿಕ್ಕ ಎಸ್ (-s) ಕೊಟ್ಟು, ಆಮೇಲೆ ಫೋರ್ಸ್ ಪುಶ್ (ಹಳೆಯದನ್ನ ಅಳಿಸಿ ಹೊಸದನ್ನ ಕಳಿಸೋದು). ನಾನು ದೊಡ್ಡ ಎಸ್ ಹಾಕಿ ಒಂದು ಸಂಜೆ ಪೂರ್ತಿ ಹಾಳು ಮಾಡ್ಕೊಂಡೆ. ಅದು ಜಿಪಿಜಿ ಸಹಿ (ಗೂಢಲಿಪಿ ಕೀಲಿಯಿಂದ ಹಾಕೋ ಡಿಜಿಟಲ್ ಸಹಿ), ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ!

ಡಿಸಿಒ ಕೇಳೋ ಪ್ರಾಜೆಕ್ಟಲ್ಲಿ ಒಂದೇ ಒಂದು ಅಂಕಿ ತಿದ್ದಿದ್ರೂ ‘ಇದನ್ನ ಕೊಡೋ ಹಕ್ಕು ನನಗಿದೆ’ ಅಂತ ಆ ಸೈನ್-ಆಫ್ ಸಾಲಿನಲ್ಲಿ ಬರೆದುಕೊಡಬೇಕು. 2004ರಲ್ಲಿ ಲಿನಕ್ಸ್ ಕರ್ನೆಲ್‌ನವರು ಶುರು ಮಾಡಿದ ಪದ್ಧತಿಯಂತೆ.

ನಿನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂತಿದ್ದಾಗ ಮರ್ಜ್ ಆಯ್ತು, ಅಂದ್ರೆ ನನ್ನ ತಿದ್ದುಪಡಿ ಪ್ರಾಜೆಕ್ಟಿಗೆ ಸೇರ್ತು, ಅಂತ ಮೇಲ್ ಬಂತು. ಚಟ್ನಿ ಕೈಯಲ್ಲೇ ಫೋನ್ ತೆಗೆದೆ.